ಬೀಸುಕಲ್ಲಿನ ಪದ ಮೈಕಿಗೆ ಬಂದ ಮಧ್ಯಾಹ್ನ

ರಾಯಬಾಗದಲ್ಲಿ ಸೊಸೈಟಿಯ ಅಂಗಳದ ಬೇವಿನ ಮರಕ್ಕೆ ಲೌಡ್‌ಸ್ಪೀಕರಿನ ಎರಡನೆಯ ಭೋಂಗಾ ಕಟ್ಟಿ ಕಾಡಸಿದ್ದ ಕೆಳಗಿಳಿದ. ಕೈ ಒರೆಸಿಕೊಂಡು ಆಂಪ್ಲಿಫೈಯರಿನ ಗುಂಡಿ ತಿರುಗಿಸಿದ, ಮೈಕಿನ ತಲೆಯನ್ನು ಬೆರಳಿನಿಂದ ಬಡಿದ. ಆಮೇಲೆ ಅದನ್ನು ಬಾಯಿ ಹತ್ತಿರ ತಂದು, "ಒಂದು, ಎರಡು, ಮೂರು," ಎಂದ. ಸ್ವಲ್ಪ ತಡೆದು ಮತ್ತೆ, "ಒಂದು, ಎರಡು, ಮೂರು."

ಕುರ್ಚಿ ಜೋಡಿಸುತ್ತಿದ್ದ ಮಲಕಾರಿ ನಕ್ಕ. "ಏನೋ ಕಾಡಸಿದ್ದಾ, ಹೊಸದಾಗಿ ಸಾಲಿ ಸೇರಿಯೇನ? ಮೊದಲ ಪದಾ ಹಾಡತಿದ್ದಿ, ಈಗ ಮಗ್ಗಿ ಹೇಳಾಕತ್ತಿ."

"ಭೋಂಗಾಕ್ಕ ಎರಡೂ ಒಂದ."

"ನಮ್ಮ ಕಿವಿಗಿ ಒಂದ ಅಲ್ಲಪಾ. ಆ ಕೀಲಿ ಪದಾ ಒಂದ ಬಿಡಲಾ, ಸಾಹೇಬ ಬರೂತನಕ ಹೊತ್ತರ ಹೋಗತೈತಿ."

ಕಾಡಸಿದ್ದ ಕೇಳಿಸಿಕೊಳ್ಳದವನಂತೆ ತಂತಿಯ ಗಂಟು ಬಿಗಿದ. ಅದು 1988ರ ಶ್ರಾವಣದ ಆರಂಭ. ಪಂಚಮಿ ಬಾಗಿಲಿಗೆ ಬಂದಿತ್ತು. ಅಕ್ಕನನ್ನು ಕರೆತರಲು ಅಲಖನೂರಿಗೆ ಹೋಗಬೇಕು. ಪ್ರತಿ ವರ್ಷ ಇಷ್ಟು ಹೊತ್ತಿಗೆ ಅವಳು ಅವನ ಮನೆಯಲ್ಲಿ ಮಕ್ಕಳಿಗೆ ಜೋಕಾಲಿ ಕಟ್ಟಿಸಿ ಕುಳಿತಿರುತ್ತಿದ್ದಳು. ಈ ಸಲ ಲೂನಾದ ಹಿಂದಿನ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿಯೂ ಅವನು ನಾಳೆ ನಾಳೆ ಎನ್ನುತ್ತಿದ್ದ. ಹೋದರೆ ಅಕ್ಕನಿಗೆ ಒಂದು ಮಾತು ಹೇಳಬೇಕು. ಬಸವ ಜಯಂತಿಯಿಂದ ಆ ಮಾತು ಗಂಟಲಲ್ಲೇ ಕುಳಿತಿತ್ತು.

ಕಾಡಸಿದ್ದನಿಗೆ ಆಗ ಮೂವತ್ತನಾಲ್ಕು ವರ್ಷ. ಬಸ್ ನಿಲ್ದಾಣದ ಹಿಂದೆ ಅವನ ಅಂಗಡಿ. ಮದುವೆ, ಜಾವಳ, ಭಜನೆ, ಚುನಾವಣೆ, ಸತ್ತವರ ದಿನದ ಊಟ, ಯಾವುದಕ್ಕೆ ಕರೆದರೂ ಭೋಂಗಾ ಹೊತ್ತು ಹೋಗುತ್ತಿದ್ದ. ಸುತ್ತಿನ ಹಳ್ಳಿಗಳಿಗೆ ಅವನು ಮೈಕಿನ ಕಾಡಸಿದ್ದ. ಅವನು ಹುಟ್ಟಿದಾಗಲೇ ತಾಯಿ ಹೋಗಿದ್ದಳು. ಏಳು ವರ್ಷ ದೊಡ್ಡವಳಾದ ಅಕ್ಕ ಗಿರಿಜವ್ವ, ತಾನೇ ಇನ್ನೂ ಕೂಸಾಗಿದ್ದಾಗ, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಅವಳು ಲಗ್ನವಾಗಿ ಅಲಖನೂರಿಗೆ ಹೊರಟ ದಿನ ಸೆರಗು ಹಿಡಿದು ಗಾಡಿ ಹತ್ತಿದ ಹುಡುಗನನ್ನು ಇಳಿಸಲು ಇಬ್ಬರು ಗಂಡಾಳು ಬೇಕಾದರಂತೆ. ಅಲಖನೂರಿನವರು ಇದನ್ನು ಈಗಲೂ ಹೇಳಿ ಅವನನ್ನು ಕಾಡುತ್ತಿದ್ದರು.

ಮೈಕು ಪರೀಕ್ಷಿಸುವುದರಲ್ಲಿ ಒಬ್ಬೊಬ್ಬರದು ಒಂದೊಂದು ರೂಢಿ. ಕೆಲವರು ಊದುತ್ತಾರೆ, ಕೆಲವರು ಹಲೋ ಹಲೋ ಎನ್ನುತ್ತಾರೆ. ಕಾಡಸಿದ್ದ ಹಾಡುತ್ತಿದ್ದ.

ಅತ್ತೀಯ ನಡುವೀನ ಕೀಲೀಗಿ ಕೆಂಪ ದಾರ
ಬೆಣ್ಣೀಯ ಗಡಗಿ ಒಳಗೈತಿ, ಸೊಸಿ ಎದ್ದರ
ಕೀಲೀಗೂ ನಿದ್ದಿ ಹತ್ತಲ್ಲ

ಮೊದಲ ಸಾಲು ಕೆಳದನಿಯಲ್ಲಿ ಹೊರಡುತ್ತದೆ, ಎರಡನೆಯದು ಏರುತ್ತದೆ, ಮೂರನೆಯದು ಇಳಿದು ನಿಲ್ಲುತ್ತದೆ. ಭೋಂಗಾ ಎಲ್ಲಿ ದನಿಯನ್ನು ಒಡೆಯುತ್ತದೆ, ಎಲ್ಲಿ ನುಂಗುತ್ತದೆ ಎಂಬುದು ಇಷ್ಟರಲ್ಲೇ ತಿಳಿಯುತ್ತಿತ್ತು. ಕೇಳಿದವರು ನಗುತ್ತಿದ್ದರು. ಯಾರ ಪದ ಎಂದರೆ, ಹೆಂಗಸರದು ಎನ್ನುತ್ತಿದ್ದ.

ಪದ ಅಕ್ಕನದು. ಆ ಕಡೆ ಕೆಲಸ ಬಿದ್ದಾಗ ಅವನು ಅಕ್ಕನ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದ. ನಸುಕಿನಲ್ಲಿ ಒಳಕೋಣೆಯಿಂದ ಬೀಸುಕಲ್ಲಿನ ಸದ್ದು ಬರುತ್ತಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದು ವರ್ಷಗಳಾಗಿದ್ದರೂ, ರೊಟ್ಟಿಯ ಜೋಳವನ್ನು ಕಲ್ಲಿನಲ್ಲೇ ಬೀಸಬೇಕೆಂಬುದು ಅತ್ತೆ ಅಕ್ಕವ್ವನ ಕಟ್ಟಳೆ. ಗಿರಿಜವ್ವ ಮತ್ತು ಅವಳ ಮೈದುನನ ಹೆಂಡತಿ ಸಕ್ಕುಬಾಯಿ ಎದುರುಬದುರು ಕುಳಿತು ಒಂದೇ ಗೂಟಕ್ಕೆ ಕೈಹಾಕಿ ಬೀಸುತ್ತಿದ್ದರು. ಗಿರಿಜವ್ವ ನುಡಿ ಕಟ್ಟಿ ಬಿಟ್ಟರೆ ಸಕ್ಕುಬಾಯಿ ಎತ್ತಿಕೊಳ್ಳುತ್ತಿದ್ದಳು. ಹಗಲಲ್ಲಿ ಬಾಯಿಗೆ ಬಾರದ್ದೆಲ್ಲ ಅಲ್ಲಿ ಬರುತ್ತಿತ್ತು. ಕಲ್ಲಿನ ಮುಂದೆ ಹಾಡಿದ್ದು ಹೊಸ್ತಿಲು ದಾಟಬಾರದು ಎಂಬುದು ಹೆಂಗಸರ ಕಟ್ಟು. ಅತ್ತೆಯೂ ಒಂದು ಕಾಲಕ್ಕೆ ಅದೇ ಕಲ್ಲಿನ ಮುಂದೆ ತನ್ನ ಅತ್ತೆಯನ್ನು ಹಾಡಿದವಳು. ಹಾಗಾಗಿ ಆ ಹೊತ್ತಿಗೆ ಸರಿಯಾಗಿ ಅವಳು ಎಮ್ಮೆ ಹಿಂಡುವ ನೆಪ ಮಾಡಿ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು. ಗಂಡಸರು ನಿದ್ದೆಯಲ್ಲಿರುತ್ತಾರೆ ಎಂದು ಲೆಕ್ಕ.

ಕಾಡಸಿದ್ದ ನಿದ್ದೆಯಲ್ಲಿರುತ್ತಿರಲಿಲ್ಲ. ಕೌದಿಯೊಳಗೆ ಕಣ್ಣು ತೆರೆದು ಅಕ್ಕನ ದನಿ ಕೇಳುತ್ತಿದ್ದ. ಆ ಕಟ್ಟು ಅವನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅಲಖನೂರಿನಲ್ಲಿ ಮೈಕು ಕಟ್ಟಿದಾಗ ಮಾತ್ರ ಅವನೂ ಹಲೋ ಹಲೋ ಎನ್ನುತ್ತಿದ್ದ.

ಆ ವರ್ಷ ದ್ರಾಕ್ಷಿಯ ಸುಗ್ಗಿ ಮುಗಿದ ಮೇಲೆ ಅಥಣಿ ಕಡೆಯ ತೋಟದವರು ಗೀಗೀ ಪದ ಇಟ್ಟುಕೊಂಡಿದ್ದರು. ಗೀಗೀ ಪದವೆಂದರೆ ಎರಡು ಮೇಳ. ಒಂದು ಗಂಡು ಹೆಚ್ಚೆಂದು ವಾದ ಹೂಡುತ್ತದೆ, ಇನ್ನೊಂದು ಹೆಣ್ಣು ಹೆಚ್ಚೆಂದು. ದಪ್ಪಿನ ಬಡಿತಕ್ಕೆ, ತುಂತುಣಿಯ ತಂತಿಯ ನಾದಕ್ಕೆ ಸವಾಲು ಜವಾಬು ನಡೆಯುತ್ತದೆ. ಜವಾಬು ಹುಟ್ಟದ ಮೇಳ ದಪ್ಪನ್ನು ಕೆಳಗಿಡಬೇಕು. ಹೆಣ್ಣಿನ ಕಡೆಗೆ ಅಂದು ಬಂದಿದ್ದವಳು ಚಂಪವ್ವ. ಅವಳ ಹೆಸರು ಹೇಳಿದರೆ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದ ಕಾಲ ಅದು. ಕಾಡಸಿದ್ದ ಮೈಕಿಗೆ ಹಾಡಿದ್ದನ್ನು ಅವಳು ದೂರದಿಂದ ಕೇಳಿಸಿಕೊಂಡಿದ್ದಳು. ಚಹಾದ ಬಸಿ ಹಿಡಿದು ಅವನ ಹತ್ತಿರವೇ ಬಂದು ಕುಳಿತಳು.

"ಏನ ಪದಾ ಅದು ತಮ್ಮಾ?"

"ಹಿಂಗ, ನಮ್ಮ ಕಡೆ ಹೆಂಗಸರು ಅಂತಾರ್ರಿ ಬಾಯಾರ."

"ಮುಂದಿನ ನುಡಿ ಬರತಾವೇನ?"

ಬರುತ್ತಿದ್ದವು. ಚಂಪವ್ವನಂಥವಳು ತನ್ನೆದುರು ಕಿವಿಗೊಟ್ಟು ಕುಳಿತಿದ್ದಾಳೆ ಎಂಬ ಹಿಗ್ಗಿನಲ್ಲಿ ಅವನು ಒಂದೊಂದಾಗಿ ಹೇಳಿದ. ಕೀಲಿಯದು ಹೇಳಿದ. ತಾಯಿಯ ಮುಂದೆ ಕಂಬದಂತೆ ನಿಲ್ಲುವ ಗಂಡನದು ಹೇಳಿದ. ಕೊನೆಗೆ ಕೂಸಿನದೂ ಹೇಳಿದ. ಅದಕ್ಕೆ ಅವನ ದನಿ ಇಳಿಯಿತು. ಚಂಪವ್ವ ಬಸಿಯನ್ನು ಕೆಳಗಿಟ್ಟಳು.

"ಇದನ ಕಟ್ಟಿದಾಕಿ ಯಾರು? ಹೆಸರ ಹೇಳು. ಒಂದ ಮಾತ ಕೇಳಿ ಹಾಡತೀನಿ."

ಅಕ್ಕನ ಹೆಸರು ಬಾಯಿಯವರೆಗೆ ಬಂದಿತ್ತು. ಹೇಳಿದರೆ ಚಂಪವ್ವ ಅಲಖನೂರಿಗೆ ಹೋಗಿ ಕೇಳುವವಳೇ. ಕೇಳಿದರೆ ತಾನು ಕೌದಿಯೊಳಗೆ ಎಚ್ಚರ ಇರುತ್ತಿದ್ದುದು ಅಕ್ಕನಿಗೆ ತಿಳಿಯುತ್ತದೆ.

"ಯಾರದೂ ಅಲ್ಲರಿ," ಎಂದ. "ಎಲ್ಲಾರೂ ಹಾಡತಾರ."

ಬಸವ ಜಯಂತಿಗೆ ಅಲಖನೂರಿನ ಹುಡುಗರು ಕರೆಸಿದ್ದು ಅದೇ ಚಂಪವ್ವನ ಮೇಳವನ್ನು. ಗಂಡಿನ ಕಡೆಗೆ ದುರಗಪ್ಪ ಎಂಬ ಹಳೆಯ ಹಾಡುಗಾರ. ಅಂದೇ ರಾತ್ರಿ ಎರಡೂ ಮೇಳಕ್ಕೆ ಚಿಕ್ಕೋಡಿ ಕಡೆ ಇನ್ನೊಂದು ಹಾಡಿಕೆ ಇದ್ದುದರಿಂದ ಇಲ್ಲಿ ಊಟವಾದ ಮೇಲೆ ಹಗಲಲ್ಲೇ ಶುರು. ಮೈಕು ಸಹಜವಾಗಿ ಕಾಡಸಿದ್ದನದು. ಅವನು ಹೆಂಡತಿ ಮಕ್ಕಳನ್ನು ಟೆಂಪೊದಲ್ಲಿ ಭೋಂಗಾದ ಜೊತೆಗೇ ಕರೆತಂದಿದ್ದ. ಅಕ್ಕನ ಮನೆಗೆ ಹೋಗಿ ಎಲ್ಲರನ್ನೂ ಹೊರಡಿಸಿದ.

"ಅಕ್ಕಾ, ಇಂಥಾ ಹಾಡಿಕಿ ನಿನ್ನ ಜನ್ಮದಾಗ ಕೇಳಿಲ್ಲ. ಎಲ್ಲಾರಕಿಂತ ಮುಂದ ಕುಂದರಸತೀನಿ ಬಾ."

"ನೀ ಮೈಕ ತಿರುವೂದ ನೋಡಾಕ ಬರಬೇಕೇನ?" ಎಂದು ಗಿರಿಜವ್ವ ನಕ್ಕಳು. ಆದರೂ ಲಗ್ನದ ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ಅತ್ತೆ ಅಕ್ಕವ್ವನೂ ಬಂದಳು. ಚಪ್ಪರ ಹಾಕಿದ ಮಾಂಡವದ ಕೆಳಗೆ, ತನ್ನ ಮೇಜಿನ ಪಕ್ಕದಲ್ಲೇ, ಕಾಡಸಿದ್ದ ಹೆಂಗಸರ ಸಾಲಿಗೆ ಜಮಖಾನೆ ಹಾಸಿದ್ದ. ಅತ್ತೆ ನಡುವೆ ಕುಳಿತಳು, ಆಚೀಚೆ ಇಬ್ಬರು ಸೊಸೆಯರು. ಎದುರಿನ ಗಂಡಸರ ಸಾಲಿನಲ್ಲಿ ಬಿಳಿ ಟೋಪಿ ಹಾಕಿಕೊಂಡು ಗಿರಿಜವ್ವನ ಗಂಡ ರಾವಸಾಹೇಬ ಕಾಲು ಮಡಚಿ ಕುಳಿತ.

ಹಾಡಿಕೆ ಏರಿತು. ದುರಗಪ್ಪನ ದಪ್ಪಿನ ಬಡಿತಕ್ಕೆ ಮಾಂಡವದ ಗಳುಗಳೇ ಅಲುಗಿದಂತಾಗುತ್ತಿತ್ತು. ಅವನು ಹೆಣ್ಣಿನ ಬಾಯಿಯನ್ನು ಆಡಿಕೊಂಡ, ಚಂಪವ್ವ ಗಂಡಿನ ಮೀಸೆಯನ್ನು ಆಡಿಕೊಂಡಳು. ಸಕ್ಕುಬಾಯಿ ನಕ್ಕು ನಕ್ಕು ಅತ್ತೆಯ ಬೆನ್ನ ಹಿಂದಿನಿಂದ ಗಿರಿಜವ್ವನ ತೋಳು ಹಿಡಿದುಕೊಂಡಳು. ಅತ್ತೆಯೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ಅಕ್ಕ ಅಷ್ಟು ಹಗುರಾಗಿ ಕುಳಿತದ್ದನ್ನು ಕಾಡಸಿದ್ದ ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಅದನ್ನು ತಾನೇ ಮಾಡಿಸಿದವನಂತೆ ಅವನು ಗುಂಡಿಯ ಮೇಲೆ ಕೈಯಿಟ್ಟು ಕುಳಿತಿದ್ದ.

ದುರಗಪ್ಪ ಕೊನೆಯ ಸವಾಲು ಹಾಕಿದ. ಗಂಡಸು ಎತ್ತು ಹೂಡದಿದ್ದರೆ, ಅವನ ಬೆವರು ಬೀಳದಿದ್ದರೆ, ಯಾವ ಮನೆಯ ಒಲೆ ಉರಿದೀತು? ಗಂಡಸರು ಟವೆಲ್ ಬೀಸಿದರು. ಚಂಪವ್ವ ಮುಂದೆ ಬಂದಳು. ತುಂತುಣಿಯವನಿಗೆ ಕಣ್ಣು ಮಾಡಿ ಕೆಳದನಿಯಲ್ಲಿ ಎತ್ತಿದಳು. ದನಿ ಕೆಳಗಿದೆಯೆಂದು ಕಾಡಸಿದ್ದನ ಕೈ ರೂಢಿಯಂತೆ ಗುಂಡಿಯನ್ನು ಏರಿಸಿತು. ಎರಡನೆಯ ಸಾಲಿಗೆ ಬಂದಾಗಲೇ ಅವನಿಗೆ ಪದ ಗುರುತು ಸಿಕ್ಕಿದ್ದು.

ಕೆಂಪು ದಾರದ ಕೀಲಿ. ಜನ ಹೋ ಎಂದು ನಕ್ಕರು. ಹಿಂದಿನಿಂದ ಯಾರೋ ಕೂಗಿದರು: "ಲೇ, ಆ ಕೀಲಿ ಯಾರ ನಡದಾಗ ಐತಿ ನೋಡ್ರಿಲೇ!" ಅತ್ತೆಯ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಕೆಂಪು ದಾರ ಇಡೀ ಊರು ಕಂಡದ್ದೇ. ನಗು ಇನ್ನೂ ಏರಿತು. ಚಂಪವ್ವನಿಗೆ ಇದೊಂದೂ ತಿಳಿಯದು, ಜನ ಒಲಿದರೆಂದು ಮುಂದಿನ ನುಡಿಗೆ ಹೋದಳು.

ಕಬ್ಬೀನ ಪಾಳಿ ಬಂತಂತ ಎತ್ತ ಹೂಡಿದಿ
ಕೂಸು ಕಣ್ಮುಚ್ಚಿ ಮಲಗೀತ, ನನ ರಾಯ
ಯಾರ ಪಾಳೀಗಿ ಎತ್ತ ಬಿಡತಿದ್ದಿ

ನಗು ನಿಂತಿತು. ಹತ್ತು ಹನ್ನೆರಡು ವರ್ಷದ ಹಿಂದೆ ಗಿರಿಜವ್ವನ ಎರಡನೆಯ ಕೂಸಿಗೆ ಜ್ವರ ನೆತ್ತಿಗೇರಿದ ದಿನವೇ ಆ ಮನೆಯ ಕಬ್ಬಿಗೆ ಕಾರ್ಖಾನೆಯ ಪಾಳಿ ಬಂದಿತ್ತು. ಪಾಳಿ ತಪ್ಪಿದರೆ ಕಬ್ಬು ಹೊಲದಲ್ಲೇ ಒಣಗುತ್ತದೆ. ಮನೆಗೆ ಇದ್ದುದು ಒಂದೇ ಜೋಡಿ ಎತ್ತು. ಅವ್ವ ಹೇಳಿದಳೆಂದು ರಾವಸಾಹೇಬ ಕಬ್ಬು ಹೇರಿಕೊಂಡು ಹೋದ, ಕೂಸನ್ನು ರಾಯಬಾಗದ ದವಾಖಾನೆಗೆ ಒಯ್ಯಲು ಗಾಡಿ ಇರಲಿಲ್ಲ. ಅವನು ತಿರುಗಿ ಬಂದಾಗ ಎಲ್ಲ ಮುಗಿದಿತ್ತು. ಇದು ಊರಿಗೆಲ್ಲ ಗೊತ್ತು. ಗಿರಿಜವ್ವ ಗಂಡನಿಗಾಗಲಿ ಅತ್ತೆಗಾಗಲಿ ಒಂದು ಮಾತು ಎದುರಾಡಲಿಲ್ಲ ಎಂಬುದೂ ಗೊತ್ತು, ಅದಕ್ಕಾಗಿ ಅವಳನ್ನು ಹೊಗಳುತ್ತಲೂ ಇದ್ದರು.

ಕಾಡಸಿದ್ದ ಗುಂಡಿಯನ್ನು ಇಳಿಸಬಹುದಿತ್ತು. ತಂತಿ ಕಿತ್ತು, ಮೈಕು ಕೆಟ್ಟಿತೆಂದು ಎದ್ದು ನಿಲ್ಲಬಹುದಿತ್ತು. ಕೈ ಗುಂಡಿಯ ಮೇಲೇ ಇತ್ತು. ಚಂಪವ್ವ ಮೂರನೆಯ ಸಾಲನ್ನು ತಿರುವಿ ತಿರುವಿ ಹಾಡಿದಳು, ಪ್ರತಿ ಸಲವೂ ಬೇರೆ ಎತ್ತರದಿಂದ. ಅಕ್ಕನ ಪದಕ್ಕೆ ಅಷ್ಟು ದನಿ ಇದೆಯೆಂದು ಅವನಿಗೆ ಅಂದಿನವರೆಗೆ ತಿಳಿದಿರಲಿಲ್ಲ. ಅವನು ಕೇಳುತ್ತ ಕುಳಿತ. ಮೂರೂ ಭೋಂಗಾಗಳು ಅದನ್ನು ಊರಿನ ಮೇಲೆ, ಕಬ್ಬಿನ ಗದ್ದೆಗಳ ಮೇಲೆ ಒಯ್ದವು.

ದುರಗಪ್ಪ ದಪ್ಪನ್ನು ನೆಲಕ್ಕಿಟ್ಟು, "ಚಂಪಕ್ಕಾ, ಇದಕ್ಕ ನನ್ನ ಕಡೆ ಜವಾಬ ಇಲ್ಲ," ಎಂದು ಕೈಮುಗಿದ. ಜನ ಎದ್ದು ನಿಂತು ಕೂಗಿದರು. ಆ ಕೂಗಿನ ನಡುವೆ ರಾವಸಾಹೇಬ ಧೋತರದ ಮಣ್ಣು ಕೊಡವಿಕೊಂಡು ಯಾರನ್ನೂ ನೋಡದೆ ಹೊಲದ ಹಾದಿ ಹಿಡಿದ.

ಗಿರಿಜವ್ವ ಗಂಡನನ್ನೂ ನೋಡಲಿಲ್ಲ, ಚಂಪವ್ವನನ್ನೂ ನೋಡಲಿಲ್ಲ. ಅವಳು ನೋಡಿದ್ದು ಸಕ್ಕುಬಾಯಿಯನ್ನು. ಆ ನುಡಿಗಳನ್ನು ಬಲ್ಲವಳು ಗೂಟಕ್ಕೆ ಎದುರು ಕೈಹಾಕುವ ಇವಳೊಬ್ಬಳೇ.

"ನೀ?" ಎಂದಳು.

ಸಕ್ಕುಬಾಯಿ ಅಲ್ಲವೆಂದು ತಲೆಯಾಡಿಸಿದಳು. ಅವಳ ಕಣ್ಣು ಗಿರಿಜವ್ವನ ಹೆಗಲಾಚೆ ಮೈಕಿನ ಮೇಜಿನತ್ತ ಹೋಯಿತು. ಅಲ್ಲಿಗೆ ಅವಳ ತಲೆ ಆಡುವುದು ನಿಂತಿತು. ಕಾಡಸಿದ್ದ ಬಗ್ಗಿ ತಂತಿ ಸುತ್ತತೊಡಗಿದ.

ಹೊತ್ತು ಇಳಿದಾಗ ಅವನು ಹೇಳಿ ಹೋಗಲೆಂದು ಅಕ್ಕನ ಮನೆಗೆ ಬಂದ. ಅತ್ತೆ ಸೊಂಟದ ಕೀಲಿ ಬಿಚ್ಚಿ ಹಿರಿಸೊಸೆಯ ಮುಂದೆ ಇಟ್ಟಿದ್ದಳು. "ತಗೋ. ಊರ ಬಾಯಿಗೆ ಬಿದ್ದ ಕೀಲಿ ನನಗ್ಯಾಕ?" ಗಿರಿಜವ್ವ ಅದನ್ನು ಮುಟ್ಟಿರಲಿಲ್ಲ. ಒಲೆಯ ಹತ್ತಿರ ನಿಂತಿದ್ದ ಸಕ್ಕುಬಾಯಿಗೆ ಹೇಳುತ್ತಿದ್ದಳು:

"ಕಲ್ಲ ಮುಂದಿನ ಮಾತು. ನನ್ನ ಕೂಸಿನ ಮಾತು. ಸಂತ್ಯಾಗ ಇಟ್ಟ ಬಂದೆಲ್ಲಬೇ. ಏನ ಕೆಟ್ಟದ್ದ ಮಾಡಿದ್ನಿ ನಿನಗ?"

ಸಕ್ಕುಬಾಯಿ ಬಗ್ಗಿ ಒಲೆಯ ಕಟ್ಟಿಗೆ ಮುಂದೂಡಿದಳು. ಕಾಡಸಿದ್ದ ಹೆಗಲಿನ ಮೇಲೆ ತಂತಿಯ ಸುರುಳಿ ಹೊತ್ತು ಹೊಸ್ತಿಲಲ್ಲಿ ನಿಂತಿದ್ದ. ಹೇಳಲು ಅದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ.

"ಅಕ್ಕಾ, ಟೆಂಪೊದಂವ ಅವಸರಾ ಮಾಡಾಕತ್ತಾನ," ಎಂದ. "ಬರತೀನಿ."

ಮುಂದಿನದು ಅವನಿಗೆ ಅವರಿವರಿಂದ ತಿಳಿಯಿತು. ಆ ಕಲ್ಲನ್ನು ಒಬ್ಬಳೇ ತಿರುವಲಾಗದು. ಜೋಳ ಗಿರಣಿಗೆ ಹೋಗತೊಡಗಿತು. ತಿಂಗಳೊಳಗೆ ಒಲೆ ಎರಡಾದವು, ಸಕ್ಕುಬಾಯಿಯದು ಅಂಗಳದಾಚೆಯ ಕೋಣೆಗೆ ಹೋಯಿತು. ರಾವಸಾಹೇಬ ಮಳೆ ಹಿಡಿಯುವವರೆಗೆ ಹೊಲದ ಗುಡಿಸಲಲ್ಲೇ ಮಲಗಿದ. ತಿರುಗಿ ಬಂದ ದಿನ ಹೆಂಡತಿಗೆ, "ನನ್ನ ಮುಂದ ಅಂದಿದ್ರ ಆಗತಿತ್ತು," ಎಂದನಂತೆ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳಂತೆ. ಊರು ಮಾತ್ರ ಆ ಹಾಡಿಕೆಯನ್ನು ಹೊಗಳಿ ದಣಿಯಲಿಲ್ಲ. ಅಂಥದ್ದನ್ನು ಅಜ್ಜಂದಿರ ಕಾಲದಿಂದ ಕೇಳಿಲ್ಲ ಎಂದರು. ಆ ದಿನ ಮೈಕು ಹಚ್ಚಿದವನು ಇವನೇ ಎಂದು ನಿಪ್ಪಾಣಿ ಕಡೆಯಿಂದಲೂ ಕಾಡಸಿದ್ದನಿಗೆ ಕರೆ ಬಂತು. ಅವನು ಹೋದ, ಭೋಂಗಾ ಕಟ್ಟಿದ, ಒಂದು ಎರಡು ಮೂರು ಎಂದ.

ಪಂಚಮಿಯ ಹಿಂದಿನ ದಿನ ಅವನು ಲೂನಾ ಹತ್ತಿ ಹೊರಟ. ಅಲಖನೂರಿನ ಗಿರಣಿಯ ಮುಂದೆ ಸಕ್ಕುಬಾಯಿ ಹಿಟ್ಟಿನ ಪುಟ್ಟಿಯನ್ನು ತಲೆಗೇರಿಸಲು ಯಾರಾದರೂ ಸಿಕ್ಕಾರೇ ಎಂದು ನಿಂತಿದ್ದಳು. ಅವನು ಗಾಡಿ ನಿಲ್ಲಿಸಿದ.

"ಸಕ್ಕಕ್ಕಾ, ಒಂದ ಮಾತ ಐತಿ."

"ಗೊತ್ತೈತಿ. ಹೋದ ವರ್ಷ ನನ್ನ ತವರಾಗ, ಶೇಡಬಾಳದಾಗ, ನಮ್ಮಣ್ಣನ ಮಗನ ಜಾವಳಕ್ಕ ಮೈಕ ಹಚ್ಚಿದಾಂವ ನೀನ ಅಲ್ಲೇನ? ಕೀಲಿ ಪದಾ ಕೇಳಿ ಅಡಗಿಮನ್ಯಾಗ ನನ್ನ ಕೈಯಾನ ಹಿಟ್ಟ ಕೈಯಾಗ ಉಳೀತು. ಮೈಕಿಗೆ ಬ್ಯಾರೆ ಪದಾ ಸಿಗಲಿಲ್ಲೇನೋ ನಿನಗ?"

ಅವನು ಪುಟ್ಟಿಗೆ ಕೈಕೊಟ್ಟವನು ಹಾಗೇ ನಿಂತ. "ಮತ್ತ ಅವತ್ತ ಅಕ್ಕನ ಮುಂದ ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ಶ್ರಾವಣ ಹತ್ತಿದ್ರ ಸಾಕು, ಅಕಿ ಬಾಗಲಾ ನೋಡತಾಳ. ನನಗ ಮೂರ ಮಂದಿ ಅಣ್ಣದೇರ ಅದಾರ. ಅಕಿಗೆ ಇರಾಂವ ನೀ ಒಬ್ಬ. ನನ್ನ ಮ್ಯಾಲ ಸಿಟ್ಟಾದ್ರ ಒಂದ ಒಲಿ ಎರಡ ಆಗತಾವ. ನಿನ್ನ ಮ್ಯಾಲ ಆದ್ರ ಅಕಿ ಎಲ್ಲಿಗೆ ಹೋಗಬೇಕು?" ಪುಟ್ಟಿ ತಲೆಗೇರಿತು. "ಹಬ್ಬ ಮುಗೀಲಿ, ಆಮ್ಯಾಲ ಹೇಳೀಯಂತ."

ಅವಳು ಮುಂದೆ ನಡೆದಳು. ಅವನು ಲೂನಾವನ್ನು ತಳ್ಳುತ್ತ ಹಿಂದೆ ಬಂದ.

ಗಿರಿಜವ್ವ ತಯಾರಾಗಿ ಕುಳಿತಿದ್ದಳು. ಹೊಸ ಬಳೆ ಇಟ್ಟುಕೊಂಡಿದ್ದಳು. ಪಡಸಾಲೆಯಲ್ಲಿ ಚೀಲ, ಅದರ ಬಾಯಿಂದ ಇಣುಕುವ ಉಂಡಿಯ ಡಬ್ಬಿ. "ಈ ವರ್ಷ ನನ್ನ ಮರತಬಿಟ್ಟಿ ಅಂತ ಮಾಡಿದ್ನಿ," ಎಂದು ನೀರಿನ ತಂಬಿಗೆ ಕೊಟ್ಟಳು. ಅವನು ನೀರು ಕುಡಿಯಲಿಲ್ಲ.

"ಅಕ್ಕಾ, ಚಂಪವ್ವಗ ಪದಾ ಕೊಟ್ಟಾಕಿ ಸಕ್ಕಕ್ಕ ಅಲ್ಲ. ನಾ ಕೊಟ್ಟೀನಿ."

ಗಿರಿಜವ್ವ ಅವನ ಮುಖ ನೋಡಿದಳು. "ಕೂಸಿಂದೂ?"

"ಹೂಂ."

"ನಿನಗ ನಿದ್ದಿ ಹತ್ತಿರತಿತ್ತು ಅಂತ ತಿಳಕೊಂಡಿದ್ನಿ."

ಅವನು ತಂಬಿಗೆಯನ್ನು ಕೆಳಗಿಟ್ಟ. ಅವಳೇ ಮತ್ತೆ ಕೇಳಿದಳು. "ಮೈಕ ನಿನ್ನ ಕೈಯಾಗ ಇತ್ತಲ್ಲ. ಬಂದ ಮಾಡಾಕ ಬರತಿತ್ತಲ್ಲ?"

"ಬರತಿತ್ತು."

"ಯಾಕ ಮಾಡಲಿಲ್ಲ?"

"ಛಲೋ ಹಾಡಾಕತ್ತಿದ್ಲು, ಅಕ್ಕಾ."

ಗಿರಿಜವ್ವ ಅಂಗಳದತ್ತ ಮುಖ ಮಾಡಿ ಕುಳಿತಳು. "ಹೌದು," ಎಂದಳು. "ಛಲೋ ಹಾಡಿದ್ಲು."

ಆಮೇಲೆ ಎದ್ದು ಚೀಲದಿಂದ ಡಬ್ಬಿ ತೆಗೆದು ಅವನ ಕೈಗೆ ಕೊಟ್ಟಳು. "ಹುಡುಗರಿಗೆ ಕೊಡು. ಎಳ್ಳಿನವು ತಳದಾಗ ಅದಾವ." ಚೀಲವನ್ನು ತಾನೇ ಎತ್ತಿಕೊಂಡು ಅಂಗಳ ದಾಟಿದಳು. ಆಚೆ ಕೋಣೆಯ ಬಾಗಿಲು ತೆರೆದೇ ಇತ್ತು. ಅವಳು ಒಳಗೆ ಹೋಗದೆ ಹೊರಗೇ ನಿಂತಳು.

"ಸಕ್ಕೂ," ಎಂದಳು. "ನಿಮ್ಮಣ್ಣ ಕರ್ಯಾಕ ಯಾವಾಗ ಬರತಾನ?"

ಆ ಪಂಚಮಿಗೆ ಗಿರಿಜವ್ವ ಸಕ್ಕುಬಾಯಿಯ ಜೊತೆ ಶೇಡಬಾಳಕ್ಕೆ ಹೋದಳು. ಕಾಡಸಿದ್ದ ಉಂಡಿಯ ಡಬ್ಬಿಯನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ರಾಯಬಾಗಕ್ಕೆ ಮರಳಿದ.